ಹಕ್ಕಿ ಬಂದ ದಿನವನ್ನು ಬರೆದಿಟ್ಟವರು

ಅಂಗೈಯಗಲದ ಒಂದು ಚೀಟಿ. ಅದರ ಮೇಲೆ ಒಂದು ಹಕ್ಕಿಯ ಹೆಸರು, ಒಂದು ಊರಿನ ಹೆಸರು, ಒಂದು ಇಸವಿ. ಕೆಳಗೆ ನಾಲ್ಕಾರು ದಿನಾಂಕಗಳು. ಹಕ್ಕಿ ಮೊದಲು ಕಂಡದ್ದು ಯಾವಾಗ? ಆಗ ಎಷ್ಟಿದ್ದವು? ಮತ್ತೆ ಕಂಡದ್ದು ಯಾವಾಗ? ಊರಲ್ಲೆಲ್ಲ ಸಾಮಾನ್ಯವಾಗಿ ಕಾಣತೊಡಗಿದ್ದು ಯಾವಾಗ? ಕೊನೆಯದಾಗಿ ಕಂಡದ್ದು ಯಾವಾಗ? ಇಷ್ಟೇ. ಇಂಥ ಸುಮಾರು 60 ಲಕ್ಷ ಚೀಟಿಗಳು ಅಮೆರಿಕ ಸರ್ಕಾರದ ಉಗ್ರಾಣಗಳಲ್ಲಿ ಬಹುಕಾಲ ಯಾರೂ ಮುಟ್ಟದೆ ಬಿದ್ದಿದ್ದವು. 1881ರಿಂದ 1970ರವರೆಗೆ, ತೊಂಬತ್ತು ವರ್ಷಗಳ ಕಾಲ, ಸಂಬಳವಿಲ್ಲದ ಸಾವಿರಾರು ಜನ ಸೇರಿ ಬರೆದ ಚೀಟಿಗಳು ಅವು.

ಚಳಿಗಾಲ ಕಳೆದು ಮರಗಳು ಚಿಗುರುವ ಹೊತ್ತಿಗೆ ತಮ್ಮೂರಿಗೆ ಮರಳಿದ ಮೊದಲ ಹಕ್ಕಿಯನ್ನು ಕಂಡವರು, ಆ ಸುದ್ದಿಯನ್ನು ಇನ್ನೊಬ್ಬರಿಗೆ ತಿಳಿಸಬೇಕೆಂಬ ಸಹಜ ಆಸೆಯಿಂದ ಮಾಡಿದ ಕೆಲಸವಿದು. ಅಂಥ ಆಸೆ ಒಂದು ವಿಜ್ಞಾನವಾಗಿ ಬೆಳೆದ ಬಗೆ ಕುತೂಹಲಕಾರಿಯಾದುದು. ಆ ಚೀಟಿಗಳನ್ನು ಬರೆದವರ ಕಾಲಕ್ಕೆ ಇಲ್ಲದಿದ್ದ ಪ್ರಶ್ನೆಯೊಂದಕ್ಕೆ ಅವು ಈಗ ಉತ್ತರ ಕೊಡುತ್ತಿರುವುದು ಇನ್ನೂ ಕುತೂಹಲಕಾರಿ.

ಹಕ್ಕಿಗಳು ಹೋಗುವುದೆಲ್ಲಿಗೆ?

ಕೆಲವು ಹಕ್ಕಿಗಳು ವರ್ಷದ ಕೆಲವು ತಿಂಗಳು ಮಾತ್ರ ಕಾಣುತ್ತವೆ, ಉಳಿದ ಕಾಲ ಮಾಯವಾಗುತ್ತವೆ ಎಂಬುದನ್ನು ಮನುಷ್ಯ ಬಹಳ ಹಿಂದೆಯೇ ಗಮನಿಸಿದ್ದ. ಮಳೆಗಾಲದ ಮುನ್ಸೂಚನೆಯಾಗಿ ಚಾತಕ ಬರುವುದು, ಮೋಡ ಕವಿಯುತ್ತಲೇ ಹಂಸಗಳು ಮಾನಸ ಸರೋವರದ ದಾರಿ ಹಿಡಿಯುವುದು ನಮ್ಮ ಕವಿಗಳಿಗೆ ಚೆನ್ನಾಗಿ ಗೊತ್ತಿತ್ತು. ಕಾಳಿದಾಸನ ‘ಮೇಘದೂತ’ದಲ್ಲಿ ಇವೆರಡೂ ಬರುತ್ತವೆ. ಆದರೆ ಕವಿಗೆ ಋತು ಮುಖ್ಯವೇ ಹೊರತು ದಿನಾಂಕವಲ್ಲ.

ಯುರೋಪಿನಲ್ಲಿ ಈ ಮಾಯವಾಗುವಿಕೆಗೆ ಕೊಟ್ಟ ಕಾರಣಗಳು ವಿಚಿತ್ರವಾಗಿದ್ದವು. ಬೇಸಿಗೆಯ ಒಂದು ಹಕ್ಕಿಯೇ ಚಳಿಗಾಲದಲ್ಲಿ ಇನ್ನೊಂದು ಹಕ್ಕಿಯಾಗಿ ರೂಪ ಬದಲಿಸುತ್ತದೆ ಎಂದು ಅರಿಸ್ಟಾಟಲ್ ನಂಬಿದ್ದ. ಕವಲುತೋಕೆ ಹಕ್ಕಿಗಳು ಕೆರೆಗಳ ಕೆಸರಿನಲ್ಲಿ ಹುದುಗಿ ಚಳಿಗಾಲವಿಡೀ ನಿದ್ರಿಸುತ್ತವೆ ಎಂಬುದು ಇನ್ನೊಂದು ನಂಬಿಕೆ. ಸ್ವೀಡನ್ನಿನ ಓಲಾಸ್ ಮ್ಯಾಗ್ನಸ್ ಎಂಬ ಪಾದ್ರಿ 1555ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೆಸ್ತರು ನೀರಿನಿಂದ ಬಲೆಯೆಳೆದು ಮೀನಿನೊಂದಿಗೆ ಹಕ್ಕಿಗಳನ್ನೂ ಮೇಲೆತ್ತುವ ಚಿತ್ರವೇ ಇದೆ. ಹಕ್ಕಿಗಳು ಚಂದ್ರಲೋಕಕ್ಕೆ ಹೋಗಿಬರುತ್ತವೆ ಎಂದು ವಾದಿಸಿದ ಪಂಡಿತನೂ ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿದ್ದ.

ಈ ಕಲ್ಪನೆಗಳನ್ನು ಒರೆಗೆ ಹಚ್ಚಲು ಬೇಕಾದದ್ದು ತರ್ಕಕ್ಕಿಂತ ಹೆಚ್ಚಾಗಿ ತಾಳ್ಮೆ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಜಮೀನುದಾರ ರಾಬರ್ಟ್ ಮಾರ್ಷಮ್‌ಗೆ ಆ ತಾಳ್ಮೆಯಿತ್ತು. 1736ರಿಂದ ಆತ ತನ್ನ ಹಳ್ಳಿಯಲ್ಲಿ ವಸಂತ ಕಾಲಿಡುವ ಗುರುತುಗಳನ್ನು ಬರೆದಿಡತೊಡಗಿದ. ಓಕ್ ಮರ ಎಲೆಬಿಟ್ಟ ದಿನ, ಮೊದಲ ಹೂ ಅರಳಿದ ದಿನ, ಮೊದಲ ಕವಲುತೋಕೆ ಕಂಡ ದಿನ, ಮೊದಲ ಕುಕ್ಕೂ ಕೂಗಿದ ದಿನ, ಹೀಗೆ ಒಟ್ಟು 27 ಗುರುತುಗಳು. 1789ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ದಾಖಲೆಯನ್ನು ಪ್ರಕಟಿಸಿತು. ಮಾರ್ಷಮ್ 1797ರಲ್ಲಿ ತೀರಿಕೊಂಡ. ಆದರೆ ಆತನ ವಂಶಜರು ಆ ಕೆಲಸವನ್ನು 1958ರವರೆಗೆ ಮುಂದುವರಿಸಿದರು. ಒಂದೇ ಮನೆತನ ಎರಡು ಶತಮಾನ ಮೀರಿ ಹಕ್ಕಿಯನ್ನೂ ಹೂವನ್ನೂ ಕಾದು ಬರೆದಿಟ್ಟ ಇಂಥ ಉದಾಹರಣೆಗಳು ವಿರಳ.

ಮಾರ್ಷಮ್ ತನ್ನ ಇಳಿವಯಸ್ಸಿನಲ್ಲಿ ಸೆಲ್‌ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್‌ನೊಂದಿಗೆ ಪತ್ರವ್ಯವಹಾರ ನಡೆಸಿದ. ಇಬ್ಬರು ವೃದ್ಧರು ತಂತಮ್ಮ ಊರಿಗೆ ಯಾವ ಹಕ್ಕಿ ಎಂದು ಬಂತು ಎಂಬುದನ್ನು ಒಬ್ಬರಿಗೊಬ್ಬರು ಬರೆದು ತಿಳಿಸುತ್ತಿದ್ದರು. ಅಷ್ಟು ಸೂಕ್ಷ್ಮವಾಗಿ ಹಕ್ಕಿಗಳನ್ನು ಗಮನಿಸಿದ್ದ ವೈಟ್‌ಗೆ ಕೂಡ ಕೆಲವು ಕವಲುತೋಕೆಗಳಾದರೂ ಚಳಿಗಾಲದಲ್ಲಿ ಎಲ್ಲೋ ಅಡಗಿ ಮಲಗಿರಬಹುದೆಂಬ ಸಂಶಯ ಕೊನೆಯವರೆಗೂ ಹೋಗಲಿಲ್ಲ. ಕಾರಣ ಸರಳ. ಒಬ್ಬ ಮನುಷ್ಯ ಒಂದೂರಿನಲ್ಲಿ ನಿಂತು ಹಕ್ಕಿ ಬಂದದ್ದನ್ನೂ ಹೋದದ್ದನ್ನೂ ನೋಡಬಹುದು. ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು ಎಂಬುದನ್ನು ನೋಡಲಾರ.

1822ರಲ್ಲಿ ಜರ್ಮನಿಯ ಹಳ್ಳಿಯೊಂದರ ಬಳಿ ಕೊಂದ ಕೊಕ್ಕರೆಯೊಂದರ ಕುತ್ತಿಗೆಯಲ್ಲಿ ಆಫ್ರಿಕದ ಮರದ ಬಾಣ ಸಿಕ್ಕಿಕೊಂಡಿತ್ತು. ಬಾಣ ತಗುಲಿದ ಮೇಲೂ ಅದು ಖಂಡ ದಾಟಿ ಹಾರಿ ಬಂದಿತ್ತು. ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಆ ಕೊಕ್ಕರೆಯನ್ನು ಬಾಣದ ಸಮೇತ ಕಾಪಿಟ್ಟಿದ್ದಾರೆ. ದೂರದ ವಲಸೆ ನಿಜವೆಂಬುದಕ್ಕೆ ಅದೊಂದು ಕಣ್ಣಿಗೆ ಕಾಣುವ ಸಾಕ್ಷಿಯಾಯಿತು. ಆದರೆ ವಲಸೆಯ ದಾರಿ, ವೇಗ, ವೇಳಾಪಟ್ಟಿ ತಿಳಿಯಬೇಕಾದರೆ ಒಂದು ಬಾಣ ಸಾಲದು. ಸಾವಿರ ಊರುಗಳಲ್ಲಿ ಸಾವಿರ ಕಣ್ಣುಗಳು ಬೇಕು.

ಮೇಷ್ಟ್ರ ಪತ್ರಗಳು

ಆ ಸಾವಿರ ಕಣ್ಣುಗಳನ್ನು ಒಂದುಗೂಡಿಸಲು ಹೊರಟವನು ವೆಲ್ಸ್ ಕುಕ್ ಎಂಬ ಶಾಲಾ ಮೇಷ್ಟ್ರು. ಅಮೆರಿಕದ ಮಿನ್ನೆಸೋಟ ಸೀಮೆಯಲ್ಲಿ ಅಲ್ಲಿನ ಮೂಲನಿವಾಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಈತನಿಗೆ ಆಗ ಇಪ್ಪತ್ತಮೂರರ ವಯಸ್ಸು. ಮಿಸಿಸಿಪ್ಪಿ ನದಿ ದಕ್ಷಿಣೋತ್ತರವಾಗಿ ಅಮೆರಿಕದ ನಡುಭಾಗವನ್ನು ಸೀಳಿಕೊಂಡು ಹರಿಯುತ್ತದೆ. ವಸಂತದಲ್ಲಿ ಹಕ್ಕಿಗಳು ಆ ಕಣಿವೆಯಗುಂಟ ಉತ್ತರಕ್ಕೆ ಬರುತ್ತವೆ. ಕಣಿವೆಯ ಒಂದೊಂದು ಊರಿನಲ್ಲೂ ಒಬ್ಬೊಬ್ಬರು ಹಕ್ಕಿ ಬಂದ ದಿನ ಬರೆದು ಕಳಿಸಿದರೆ, ಆ ದಿನಾಂಕಗಳನ್ನು ನಕ್ಷೆಯ ಮೇಲೆ ಜೋಡಿಸಿದಾಗ ಹಕ್ಕಿಗಳ ನಡಿಗೆಯೇ ಕಣ್ಣಿಗೆ ಕಟ್ಟುತ್ತದೆ. ರೈಲ್ವೆ ವೇಳಾಪಟ್ಟಿಯನ್ನು ಸಿದ್ಧಪಡಿಸಿದ ಹಾಗೆ. 1881ರಲ್ಲಿ ಕುಕ್ ತನಗೆ ಗೊತ್ತಿದ್ದ ಕೆಲವು ಪಕ್ಷಿಪ್ರೇಮಿಗಳಿಗೆ ಈ ಬಗ್ಗೆ ಪತ್ರ ಬರೆದ.

1883ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಪಕ್ಷಿವಿಜ್ಞಾನಿಗಳ ಸಂಘ ಸ್ಥಾಪನೆಯಾಯಿತು. ಕುಕ್‌ನ ಯೋಜನೆ ಸಂಘಕ್ಕೆ ಹಿಡಿಸಿತು. ಹಾರ್ಟ್ ಮೆರಿಯಂ ಎಂಬ ವೈದ್ಯ-ವಿಜ್ಞಾನಿಯ ನೇತೃತ್ವದಲ್ಲಿ ವಲಸೆ ಸಮಿತಿ ರಚನೆಯಾಗಿ, ಅಮೆರಿಕ ಮತ್ತು ಕೆನಡಾವನ್ನು ಜಿಲ್ಲೆಗಳಾಗಿ ಹಂಚಿ, ಒಂದೊಂದು ಜಿಲ್ಲೆಗೂ ಒಬ್ಬ ಮೇಲ್ವಿಚಾರಕನನ್ನು ನೇಮಿಸಲಾಯಿತು. ದೀಪಸ್ತಂಭಗಳ ಕಾವಲುಗಾರರಿಗೂ ಪತ್ರಗಳು ಹೋದವು. ಇರುಳಿನಲ್ಲಿ ಹಾರುವ ಹಕ್ಕಿಗಳು ದೀಪದ ಬೆಳಕಿಗೆ ಮರುಳಾಗಿ ಗಾಜಿಗೆ ಬಡಿದು ಸಾಯುತ್ತಿದ್ದವು. ಯಾವ ರಾತ್ರಿ ಯಾವ ಹಕ್ಕಿ ಬಿತ್ತು ಎಂಬುದು ಕೂಡ ವಲಸೆಯ ಲೆಕ್ಕವೇ.

ಇಷ್ಟೊಂದು ಕಾಗದಪತ್ರಗಳನ್ನು ನಿಭಾಯಿಸುವುದು ಖಾಸಗಿ ಸಂಘದ ಕೈಮೀರಿತು. ಸಂಘವು ಸರ್ಕಾರದ ಮೊರೆಹೊಕ್ಕಿತು. 1885ರಲ್ಲಿ ಅಮೆರಿಕದ ಸಂಸತ್ತು ಕೃಷಿ ಇಲಾಖೆಯಲ್ಲಿ ಪಕ್ಷಿಗಳ ಅಧ್ಯಯನಕ್ಕೆಂದು ಹಣ ಮಂಜೂರು ಮಾಡಿತು. ಬೆಳೆ ತಿನ್ನುವ ಹಕ್ಕಿ ಯಾವುದು, ಹುಳ ತಿಂದು ಬೆಳೆ ಉಳಿಸುವ ಹಕ್ಕಿ ಯಾವುದು ಎಂದು ರೈತರಿಗೆ ತಿಳಿಸುವುದು ಅದರ ಘೋಷಿತ ಉದ್ದೇಶ. ಮುಂದೆ ಹಲವು ಹೆಸರು ಬದಲಿಸಿ ಆ ದೇಶದ ವನ್ಯಜೀವಿ ಇಲಾಖೆಯಾಗಿ ಬೆಳೆದ ಕಚೇರಿಯ ಬೀಜ ಇಲ್ಲಿದೆ. ಮೇಷ್ಟ್ರು ಆರಂಭಿಸಿದ ಪತ್ರವ್ಯವಹಾರ ಹೀಗೆ ಸರ್ಕಾರಿ ಕಡತವಾಯಿತು. ಕುಕ್ ಕೂಡ 1901ರಲ್ಲಿ ಅದೇ ಕಚೇರಿಗೆ ಸೇರಿ, 1916ರಲ್ಲಿ ಸಾಯುವವರೆಗೆ ಚೀಟಿಗಳನ್ನು ವಿಂಗಡಿಸುತ್ತಲೇ ಇದ್ದ.

ಈ ಚೀಟಿಗಳನ್ನು ಕಳಿಸುತ್ತಿದ್ದವರು ಯಾರು? ರೈತರು, ಉಪಾಧ್ಯಾಯರು, ಗೃಹಿಣಿಯರು, ವೈದ್ಯರು, ವಸ್ತುಸಂಗ್ರಹಾಲಯದ ಪಂಡಿತರು, ಹೀಗೆ ಎಲ್ಲ ಬಗೆಯ ಜನ. ಒಂದು ಹಂತದಲ್ಲಿ ಇವರ ಸಂಖ್ಯೆ ಸುಮಾರು 3,000ಕ್ಕೆ ಏರಿತ್ತು. ಚೀಟಿಗೆ ಪ್ರತಿಯಾಗಿ ಅವರಿಗೆ ಸಿಗುತ್ತಿದ್ದುದು ದೊಡ್ಡ ಕೆಲಸವೊಂದರಲ್ಲಿ ತಾವೂ ಭಾಗಿಗಳೆಂಬ ತೃಪ್ತಿ ಮಾತ್ರ.

ಚೀಟಿಗಳು ಹೇಳಿದ್ದೇನು?

ದಿನಾಂಕಗಳು ನಕ್ಷೆಗೆ ಏರುತ್ತಿದ್ದಂತೆ ಹಲವು ಹೊಸ ಸಂಗತಿಗಳು ಹೊರಬಿದ್ದವು. ಎಲ್ಲ ಹಕ್ಕಿಗಳೂ ಒಂದೇ ಪದ್ಧತಿಯಲ್ಲಿ ವಲಸೆ ಹೋಗುವುದಿಲ್ಲ. ಕೆನಡಾ ಹೆಬ್ಬಾತು ಹಿಮ ಕರಗುವುದನ್ನೇ ಕಾದು, ಅದರ ಬೆನ್ನಹಿಂದೆಯೇ ನಿಧಾನವಾಗಿ ಉತ್ತರಕ್ಕೆ ಸರಿಯುತ್ತದೆ. ಸರಾಸರಿ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ರೇಖೆಯೂ ಹೆಬ್ಬಾತಿನ ಹಿಂಡೂ ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಮುಂದುವರಿಯುತ್ತವೆ. ದಕ್ಷಿಣ ಅಮೆರಿಕದಲ್ಲಿ ಚಳಿಗಾಲ ಕಳೆಯುವ ಕೆಲವು ಪುಟ್ಟ ಹಕ್ಕಿಗಳ ರೀತಿಯೇ ಬೇರೆ. ಅವು ತಡವಾಗಿ ಹೊರಟು, ಉತ್ತರಕ್ಕೆ ಹೋದಂತೆಲ್ಲ ವೇಗ ಹೆಚ್ಚಿಸಿಕೊಂಡು ಅಲಾಸ್ಕ ಸೇರುತ್ತವೆ. ಹೊರಡುವ ಜಾಗದಲ್ಲಿ ನಿಂತ ಹಕ್ಕಿಗೆ ಸಾವಿರಾರು ಕಿಲೋಮೀಟರ್ ಆಚೆ ಚಳಿ ಕಡಿಮೆಯಾಗಿದೆಯೋ ಇಲ್ಲವೋ ತಿಳಿಯುವುದು ಸಾಧ್ಯವಿಲ್ಲ. ಹಗಲಿನ ಅವಧಿಯ ಏರಿಳಿತವೇ ಅದಕ್ಕೆ ಪಂಚಾಂಗ. ಮೊದಲನೆಯದು ಹವೆಯನ್ನು ನೋಡಿ ಹೊರಡುವ ಪ್ರಯಾಣಿಕ. ಎರಡನೆಯದು ತಿಥಿಯನ್ನು ನೋಡಿ ಹೊರಡುವ ಪ್ರಯಾಣಿಕ. ಈ ವ್ಯತ್ಯಾಸವನ್ನು ಓದುಗರು ನೆನಪಿಡಬೇಕು. ಮುಂದೆ ಅದು ಜೀವನ್ಮರಣದ ಪ್ರಶ್ನೆಯಾಗಿ ಬರುತ್ತದೆ.

ಚೀಟಿಗಳಿಂದ ಕಾನೂನಿಗೂ ಉಪಯೋಗವಾಯಿತು. ಅಂದಿನ ಅಮೆರಿಕದಲ್ಲಿ ವಸಂತದ ಬೇಟೆ ಅವ್ಯಾಹತವಾಗಿ ನಡೆದಿತ್ತು. ಗೂಡು ಕಟ್ಟಲು ಹೊರಟ ಬಾತುಗಳನ್ನು ದಾರಿಯಲ್ಲೇ ಹೊಡೆದರೆ ಮುಂದಿನ ಸಂತತಿಯೇ ಇಲ್ಲ. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ಪೈಕಿ ಕೊನೆಯದು 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಒಂದು ರಾಜ್ಯದಲ್ಲಿ ಕಾಪಾಡಿದ ಹಕ್ಕಿಯನ್ನು ಪಕ್ಕದ ರಾಜ್ಯದಲ್ಲಿ ಹೊಡೆಯಬಹುದಾದರೆ ರಕ್ಷಣೆಗೆ ಅರ್ಥವೇನು? ಯಾವ ಹಕ್ಕಿ ಯಾವ ತಿಂಗಳು ಎಲ್ಲಿರುತ್ತದೆ ಎಂಬುದು ದಾಖಲೆಯಾಗಿದ್ದರಿಂದಲೇ, ಹಕ್ಕಿ ಯಾವೊಂದು ರಾಜ್ಯದ ಸೊತ್ತೂ ಅಲ್ಲ ಎಂಬ ವಾದಕ್ಕೆ ಬಲ ಬಂತು. 1916ರಲ್ಲಿ ಅಮೆರಿಕ ಮತ್ತು ಕೆನಡಾದ ಪರವಾಗಿ ಬ್ರಿಟನ್ ವಲಸೆ ಹಕ್ಕಿಗಳ ಒಪ್ಪಂದಕ್ಕೆ ಸಹಿ ಹಾಕಿದವು. 1918ರಲ್ಲಿ ಅದು ಅಮೆರಿಕದಲ್ಲಿ ಕಾಯಿದೆಯಾಯಿತು.

ಮೂಲೆ ಸೇರಿದ ಚೀಟಿಗಳು

ಇಪ್ಪತ್ತನೆಯ ಶತಮಾನದಲ್ಲಿ ಹಕ್ಕಿಯ ಕಾಲಿಗೆ ಅಂಕಿಯಿರುವ ಉಂಗುರ ತೊಡಿಸುವ ಪದ್ಧತಿ ಬಲವಾಯಿತು. ಡೆನ್ಮಾರ್ಕಿನ ಮಾರ್ಟೆನ್ಸನ್ ಎಂಬ ಉಪಾಧ್ಯಾಯ 1899ರಲ್ಲಿ ಅದನ್ನು ವ್ಯವಸ್ಥಿತವಾಗಿ ಆರಂಭಿಸಿದ್ದ. 1911ರಲ್ಲಿ ಇಂಗ್ಲೆಂಡಿನಲ್ಲಿ ಉಂಗುರ ತೊಟ್ಟ ಕವಲುತೋಕೆಯೊಂದು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ನಲ್ಲಿ ಸಿಕ್ಕಿ, ಕೆಸರಿನ ನಿದ್ರೆಯ ಕಥೆಗೆ ಪೂರ್ಣವಿರಾಮ ಹಾಕಿತು. ಇಂಥ ಖಚಿತ ಪುರಾವೆಯ ಮುಂದೆ ‘ನಮ್ಮೂರಿಗೆ ಹಕ್ಕಿ ಇಂಥ ದಿನ ಬಂತು’ ಎಂಬ ಚೀಟಿ ಸಪ್ಪೆಯಾಗಿ ಕಂಡಿತು. ಕ್ರಮೇಣ ಚೀಟಿಗಳನ್ನು ಕೇಳುವವರು ಕಡಿಮೆಯಾದರು. 1970ರಲ್ಲಿ ಕಾರ್ಯಕ್ರಮ ನಿಂತಿತು.

ಹಳೆಯ ಕಾಗದಗಳಿಗೆ ಸರ್ಕಾರಿ ಕಚೇರಿಗಳಲ್ಲಿ ಏನು ಗತಿಯಾಗುತ್ತದೆ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಚೀಟಿಗಳಿಗೂ ಅದೇ ಗತಿ ಕಾದಿತ್ತು. ಅದನ್ನು ತಪ್ಪಿಸಿದವರಲ್ಲಿ ಮುಖ್ಯರು ಮೇರಿಲ್ಯಾಂಡಿನ ಪಟುಕ್ಸೆಂಟ್ ಸಂಶೋಧನಾ ಕೇಂದ್ರದ ಪಕ್ಷಿವಿಜ್ಞಾನಿ ಚಾಂಡ್ಲರ್ ರಾಬಿನ್ಸ್. ಇವು ಒಂದಲ್ಲ ಒಂದು ದಿನ ಬೇಕಾಗುತ್ತವೆ ಎಂದು ನಂಬಿದ್ದ ಅವರು ಚೀಟಿಗಳು ಗುಜರಿಗೆ ಹೋಗದಂತೆ ನೋಡಿಕೊಂಡರು. 2009ರಲ್ಲಿ ಚೀಟಿಗಳ ಛಾಯಾಪ್ರತಿ ತೆಗೆದು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ಹೊಸ ಚಾಲನೆ ದೊರೆಯಿತು. ಕೈಬರಹ ಓದಿ ಅಕ್ಷರ ಜೋಡಿಸಲು ಮತ್ತೆ ಮುಂದೆ ಬಂದವರು ಸಂಬಳವಿಲ್ಲದ ಸಾಮಾನ್ಯ ಜನರೇ. ಒಬ್ಬರು ಓದಿದ್ದು ಇನ್ನೊಬ್ಬರು ಓದಿದ್ದಕ್ಕೆ ತಾಳೆಯಾದರೆ ಮಾತ್ರ ದಾಖಲೆಗೆ ಸೇರ್ಪಡೆ. ಹೀಗೆ ಹತ್ತು ಲಕ್ಷಕ್ಕೂ ಹೆಚ್ಚು ಚೀಟಿಗಳು ಮರುಜೀವ ಪಡೆದವು.

ಇಷ್ಟು ಶ್ರಮ ಏಕೆ? ಭೂಮಿ ಬಿಸಿಯಾಗುತ್ತಿದೆ, ಋತುಗಳು ಹಿಂದುಮುಂದಾಗುತ್ತಿವೆ ಎಂದು ಹೇಳುವುದು ಸುಲಭ. ಎಷ್ಟು ದಿನ ಮುಂಚೆ ಎಂದು ಹೇಳಬೇಕಾದರೆ ಹಿಂದೆ ಯಾವ ದಿನ ಎಂಬುದು ಗೊತ್ತಿರಬೇಕಲ್ಲವೆ? ಕಳೆದುಹೋದ ವಸಂತವನ್ನು ಈಗ ಯಾವ ಉಪಗ್ರಹದಿಂದಲೂ ಅಳೆಯುವಂತಿಲ್ಲ. ಅದನ್ನು ಆಗಲೇ ಯಾರಾದರೂ ಬರೆದಿಟ್ಟಿರಬೇಕು.

ಬರೆದಿಟ್ಟವರ ದಿನಚರಿಗಳನ್ನು ವಿಜ್ಞಾನಿಗಳು ಹುಡುಕತೊಡಗಿದ್ದು ಹೀಗೆ. ಮಾರ್ಷಮ್ ಮನೆತನದ ದಾಖಲೆಗಳ ವಿಶ್ಲೇಷಣೆ 1995ರಲ್ಲಿ ಪ್ರಕಟವಾಗಿ, ವಸಂತದ ಗುರುತುಗಳು ಉಷ್ಣತೆಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿವೆ ಎಂಬುದನ್ನು ತೋರಿಸಿತು. ವಿಸ್ಕಾನ್ಸಿನ್ನಿನಲ್ಲಿ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ 1930 ಮತ್ತು 40ರ ದಶಕಗಳಲ್ಲಿ ಬರೆದಿಟ್ಟ ದಿನಾಂಕಗಳನ್ನು ಆತನ ಮಗಳು ನೈನಾ ಅದೇ ಜಾಗದಲ್ಲಿ ಮುಂದುವರಿಸಿದಳು. ಎರಡನ್ನೂ ಹೋಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಲವು ಹೂಗಳೂ ಹಕ್ಕಿಗಳೂ ಮೊದಲಿಗಿಂತ ಬೇಗ ಕಾಣಿಸಿಕೊಳ್ಳುತ್ತಿದ್ದವು. 1850ರ ದಶಕದಲ್ಲಿ ಹೆನ್ರಿ ಥೋರೊ ಮಾಡಿಟ್ಟ ಟಿಪ್ಪಣಿಗಳಿಂದ ಇನ್ನೊಂದು ಚಿತ್ರ ಹೊರಬಂತು. ಆತನ ಊರು ಕಾನ್‌ಕಾರ್ಡ್‌ನಲ್ಲಿ ಗಿಡಗಳು ಗಣನೀಯವಾಗಿ ಬೇಗ ಹೂಬಿಡುತ್ತಿದ್ದರೂ ಹೆಚ್ಚಿನ ಹಕ್ಕಿಗಳು ಬರುವ ಕಾಲ ಅಷ್ಟೇನೂ ಬದಲಾಗಿರಲಿಲ್ಲ.

ತಿಥಿ ನೋಡಿ ಹೊರಡುವ ಪ್ರಯಾಣಿಕನ ಕಷ್ಟ ಇಲ್ಲಿಯೇ ಇರುವುದು. ಹಾಲೆಂಡಿನ ಕಾಡುಗಳಿಗೆ ಆಫ್ರಿಕದಿಂದ ಬರುವ ಕಪ್ಪು-ಬಿಳುಪಿನ ನೊಣಹಿಡುಕ ಹಕ್ಕಿಯೊಂದಿದೆ. ಮರ ಚಿಗುರಿದಾಗ ಹುಟ್ಟುವ ಕಂಬಳಿಹುಳುಗಳೇ ಅದರ ಮರಿಗಳಿಗೆ ಆಹಾರ. ವಸಂತ ಬೇಗ ಬಂದು, ಹುಳುಗಳು ಬೇಗ ಹುಟ್ಟಿ ಮುಗಿದುಹೋಗತೊಡಗಿದವು. ಆಫ್ರಿಕದಲ್ಲಿದ್ದ ಹಕ್ಕಿಗೆ ಇದು ತಿಳಿಯುವುದು ಹೇಗೆ? ಅದು ಎಂದಿನ ಕಾಲಕ್ಕೇ ಹೊರಟು ಬಂತು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹುಳುಗಳ ಸುಗ್ಗಿ ತೀರ ಬೇಗ ಬರುವ ಕಾಡುಗಳಲ್ಲಿ ಎರಡು ದಶಕಗಳಲ್ಲಿ ಈ ಹಕ್ಕಿಯ ಸಂಖ್ಯೆ ಶೇಕಡ 90ರಷ್ಟು ಕುಸಿದಿದೆ ಎಂದು ತೋರಿಸಿತು. ಊಟದ ಪಂಕ್ತಿ ಎದ್ದ ಮೇಲೆ ಬಂದ ನೆಂಟನ ಪಾಡು.

ಇಂಥ ದಾಖಲೆಗಳಿಗೆ ಮಿತಿಗಳೂ ಇವೆ. ನೋಡುವವರ ಸಂಖ್ಯೆ ಹೆಚ್ಚಾದರೆ ಮೊದಲ ಹಕ್ಕಿ ಬೇಗ ಕಣ್ಣಿಗೆ ಬೀಳುತ್ತದೆ; ಹಕ್ಕಿಯ ಸಂಖ್ಯೆಯೇ ಕುಸಿದರೆ ತಡವಾಗಿ ಕಾಣುತ್ತದೆ. ಎರಡರಲ್ಲೂ ವಲಸೆಯ ಕಾಲ ಬದಲಾಗಿರಲಿಕ್ಕಿಲ್ಲ. ಕುಕ್‌ನ ಚೀಟಿಯಲ್ಲಿ ‘ಮೊದಲು ಕಂಡದ್ದು’ ಮಾತ್ರವಲ್ಲದೆ ‘ಮತ್ತೆ ಕಂಡದ್ದು’, ‘ಸಾಮಾನ್ಯವಾದದ್ದು’ ಎಂಬ ಸಾಲುಗಳೂ ಇದ್ದುದರ ಬೆಲೆ ಈಗ ಅರ್ಥವಾಗುತ್ತದೆ. ಎಲ್ಲೋ ದಾರಿತಪ್ಪಿ ಮುಂಚೆ ಬಂದ ಒಂಟಿ ಹಕ್ಕಿಗೂ ಹಿಂಡಿನ ಆಗಮನಕ್ಕೂ ಇರುವ ಅಂತರವನ್ನು ಆ ಸಾಲುಗಳು ಹಿಡಿದಿಡುತ್ತವೆ.

ನಮ್ಮಲ್ಲಿ ವಸಂತವೆಂದರೆ ಬೀಳ್ಕೊಡುಗೆ

ಯುರೋಪು, ಅಮೆರಿಕಗಳಲ್ಲಿ ವಸಂತವೆಂದರೆ ಹಕ್ಕಿಗಳ ಸ್ವಾಗತ. ನಮ್ಮಲ್ಲಿ ಬಹುಪಾಲು ಅದು ಬೀಳ್ಕೊಡುಗೆ. ಮಳೆಗಾಲ ಮುಗಿಯುತ್ತಲೇ ಉತ್ತರದಿಂದ ಇಳಿದು ಬಂದ ಕವಲುತೋಕೆಗಳು, ಬಾಲ ಕುಣಿಸುತ್ತ ಓಡಾಡುವ ಸಿಪಿಲೆಗಳು, ಗುಲಾಬಿ ಕಬ್ಬಕ್ಕಿಗಳು ಯುಗಾದಿಯ ಆಸುಪಾಸಿನಲ್ಲಿ ಹೊರಡತೊಡಗುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯದ ಕಡೆಗೆ ಮರಳುವುದೂ ಈ ಕಾಲದಲ್ಲೇ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಹಕ್ಕಿ ಬಂದದ್ದನ್ನು ಗುರುತಿಸುವುದು ಸುಲಭ, ಹೋದದ್ದನ್ನು ಗುರುತಿಸುವುದು ಕಷ್ಟ. ಬಂದ ಹಕ್ಕಿ ಕಣ್ಣೆದುರು ಇರುತ್ತದೆ. ಹೋದ ಹಕ್ಕಿ ಹೋಯಿತೆಂದು ತಿಳಿಯುವುದು ನಾಲ್ಕಾರು ದಿನ ಕಾಣದಿದ್ದಾಗ. ಅಷ್ಟರಲ್ಲಿ ಕೊನೆಯದಾಗಿ ಕಂಡ ದಿನ ಮರೆತುಹೋಗಿರುತ್ತದೆ. ಆದ್ದರಿಂದ ನಮ್ಮ ವಸಂತದ ಲೆಕ್ಕ ಇಡಬೇಕಾದರೆ ದಿನದಿನವೂ ಬರೆಯುವ ಅಭ್ಯಾಸ ಬೇಕು.

ನಮ್ಮ ದೇಶದಲ್ಲಿ ಇಂಥ ಅಭ್ಯಾಸಕ್ಕೆ ವೇದಿಕೆ ಒದಗಿಸಿದವರಲ್ಲಿ ಜಾಫರ್ ಫತೇಹಳ್ಳಿ ಅವರದು ದೊಡ್ಡ ಹೆಸರು. 1960ರ ಹೊತ್ತಿಗೆ ಅವರು ಆರಂಭಿಸಿದ ಪಕ್ಷಿವೀಕ್ಷಕರ ಪುಟ್ಟ ಪತ್ರಿಕೆಯಲ್ಲಿ ದೇಶದ ಮೂಲೆಮೂಲೆಯ ಹವ್ಯಾಸಿಗಳು ತಾವು ಕಂಡದ್ದನ್ನು ಬರೆದರು. ಮುಂದೆ ಬೆಂಗಳೂರು ಅದರ ನೆಲೆಯಾಯಿತು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ‘ಮೈಗ್ರಂಟ್ ವಾಚ್’ ಎಂಬ ಕಾರ್ಯಕ್ರಮ ಹೊರಟಿತು. ಚಳಿಗಾಲದ ಅತಿಥಿಗಳು ನಿಮ್ಮೂರಿಗೆ ಬಂದ ದಿನ ತಿಳಿಸಿ, ಕೊನೆಗೆ ಕಂಡ ದಿನವನ್ನೂ ತಿಳಿಸಿ ಎಂಬುದು ಅದರ ಕೋರಿಕೆ. ಚಾತಕ ಬರುವ ದಿನವನ್ನು ಹೀಗೆಯೇ ಕೇಳಿ, ಮಳೆಯ ಆಗಮನದೊಂದಿಗೆ ಅದನ್ನು ತಾಳೆ ನೋಡುವ ಪ್ರಯತ್ನವೂ ನಡೆಯಿತು. ಕಾಳಿದಾಸ ಕೊಡದಿದ್ದ ದಿನಾಂಕವನ್ನು ಈಗಿನವರು ಹುಡುಕಿ ಹೊರಟಂತಾಯಿತು. ಆಮೇಲಿನ ವರ್ಷಗಳಲ್ಲಿ ಈ ಕೆಲಸ ಅಂತರರಾಷ್ಟ್ರೀಯ ಜಾಲತಾಣ ‘ಈ-ಬರ್ಡ್’ನೊಂದಿಗೆ ಬೆರೆಯಿತು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಗೆ ಆಧಾರವಾದದ್ದು 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಕೊಟ್ಟ 3 ಕೋಟಿಗೂ ಮೀರಿದ ದಾಖಲೆಗಳು.

ಆದರೂ ಒಂದು ಕೊರತೆ ಉಳಿದೇ ಇದೆ. ಈ ಮೂರು ಕೋಟಿ ದಾಖಲೆಗಳಲ್ಲಿ ಬಹುಪಾಲು ಇತ್ತೀಚಿನವು. ಐವತ್ತು, ನೂರು ವರ್ಷಗಳ ಹಿಂದೆ ನಮ್ಮ ಕೆರೆಗಳಿಗೆ ಹೆಬ್ಬಾತು ಬರುತ್ತಿದ್ದುದು ಯಾವಾಗ, ಹೋಗುತ್ತಿದ್ದುದು ಯಾವಾಗ ಎಂಬುದಕ್ಕೆ ಸಾಲುಸಾಲಾಗಿ ದಿನಾಂಕ ಒದಗಿಸುವ ಚೀಟಿಗಳು ನಮ್ಮಲ್ಲಿಲ್ಲ. ಜ್ಞಾನ ಇರಲಿಲ್ಲವೆಂದಲ್ಲ. ಮಳೆ ನಕ್ಷತ್ರಗಳನ್ನು ಗಾದೆಗಳಲ್ಲಿ ಕಟ್ಟಿಟ್ಟ ರೈತರಿಗೆ, ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಬಂದರೆ ಊರಿಗೆ ಒಳ್ಳೆಯದೆಂದು ಹಿತ್ತಲ ಮರಗಳನ್ನೇ ಬಿಟ್ಟುಕೊಟ್ಟ ಜನರಿಗೆ ಹಕ್ಕಿ ಬರುವ ಕಾಲ ಚೆನ್ನಾಗಿಯೇ ಗೊತ್ತಿತ್ತು. ಆದರೆ ಆ ತಿಳಿವಳಿಕೆ ಬಾಯಿಂದ ಬಾಯಿಗೆ ಬಂತೇ ಹೊರತು ದಿನಾಂಕದೊಂದಿಗೆ ಕಾಗದಕ್ಕೆ ಇಳಿಯಲಿಲ್ಲ. ‘ಮೊದಲೆಲ್ಲ ಬೇಗ ಬರುತ್ತಿದ್ದವು’ ಎಂದು ಹಿರಿಯರು ಹೇಳಿದಾಗ ಅದನ್ನು ನಂಬಬಹುದು, ಅಳೆಯಲು ಬರುವುದಿಲ್ಲ.

ಓಕ್ ಎಲೆ ಬಿಟ್ಟ ದಿನವನ್ನು ಬರೆದಿಟ್ಟ ಮಾರ್ಷಮ್‌ಗೆ ಭೂಮಿಯ ತಾಪ ಏರುವ ಕಲ್ಪನೆ ಇರಲಿಲ್ಲ. ಚೀಟಿ ತುಂಬಿ ಅಂಚೆಗೆ ಹಾಕಿದ ಅಮೆರಿಕದ ರೈತನಿಗೂ ಇರಲಿಲ್ಲ. ತಮ್ಮ ಕಾಲದ ಚಿಕ್ಕ ಕುತೂಹಲವನ್ನು ಅವರು ಪ್ರಾಮಾಣಿಕವಾಗಿ ಬರೆದಿಟ್ಟರು, ಅಷ್ಟೆ. ಅದರ ಉಪಯೋಗವನ್ನು ಕಾಲ ತೀರ್ಮಾನಿಸಿತು. ನಮ್ಮ ಮನೆಗಳ ಅಟ್ಟಗಳಲ್ಲೂ ಯಾವುದೋ ಉಪಾಧ್ಯಾಯರ, ಅರಣ್ಯ ಇಲಾಖೆಯ ನಿವೃತ್ತರ, ಕಾಫಿ ತೋಟದ ಯಜಮಾನರ ಹಳೆಯ ದಿನಚರಿಗಳಿರಬಹುದು. ಮಳೆಯ ಲೆಕ್ಕದ ಪಕ್ಕದಲ್ಲಿ ಒಂದು ಹಕ್ಕಿಯ ಹೆಸರೂ ಇರಬಹುದು. ಅವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಪುಟ ತಿರುವಿ ನೋಡುವುದು ಒಳ್ಳೆಯದು. ಈ ವರ್ಷ ವಿದ್ಯುತ್ ತಂತಿಯ ಮೇಲೆ ಕೂತ ಕವಲುತೋಕೆಗಳು ಎಂದು ಖಾಲಿಯಾದವು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೂ ಸಾಕು, ನೂರು ವರ್ಷಗಳ ನಂತರದ ಯಾರಿಗೋ ಅದು ಬೇಕಾದೀತು.